ಅರಿಯದೆ ಮಾಡಿದ ಕೇಡು

ಮನುಷ್ಯನು ಮತ್ತೊಬ್ಬನಿಗೆ ಮಾಡುವ ಕೇಡನ್ನು ಲೋಕವು ಸಾಮಾನ್ಯವಾಗಿ ಎರಡು ಬಗೆಯಾಗಿ ವಿಂಗಡಿಸುವದು. ಬೇಕೆಂದು ಮಾಡಿದ್ದು ಒಂದು. ಎಚ್ಚರದಪ್ಪಿ ಮಾಡಿದ್ದು ಇನ್ನೊಂದು. ಮೊದಲನೆಯದಕ್ಕೆ ದಂಡನೆಯುಂಟು, ಎರಡನೆಯದಕ್ಕೆ ನಿಂದೆಯುಂಟು. ಆದರೆ ಈ ಎರಡರಲ್ಲಿಯೂ ಸೇರದ ಮೂರನೆಯ ಬಗೆಯೊಂದು ಇರುವದು. ಅಲ್ಲಿ ಕೇಡು ಮಾಡಿದವನಿಗೆ ತಾನು ಮಾಡಿದೆನೆಂಬದು ತಿಳಿಯದು. ಅನುಭವಿಸಿದವನಿಗೆ ಅದು ಯಾರಿಂದ ಬಂದಿತೆಂಬದು ತಿಳಿಯದು. ಇಬ್ಬರ ನಡುವೆ ಒಂದು ಸಂವತ್ಸರವೇ ಕಳೆದುಹೋಗಿರುವದು. ಇಂಥ ಕೇಡಿಗೆ ಹೊಣೆ ಯಾರು? ಯಾರೂ ಅಲ್ಲವೆಂದು ಹೇಳಿ ಸುಮ್ಮನಾಗುವದು ಸುಲಭ. ಆದರೆ ನೋವು ಮಾತ್ರ ನಿಜವಾಗಿರುವಲ್ಲಿ ಹೊಣೆಯು ಎಲ್ಲಿಯೂ ಇಲ್ಲವೆಂಬ ಮಾತಿಗೆ ವಿವೇಕಿಯ ಮನಸ್ಸು ಒಪ್ಪುವದಿಲ್ಲ.

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೋದರೆ ಮಾತು ಬೆಳೆಯುವದೇ ಹೊರತು ಅರ್ಥವು ತಿಳಿಯಾಗದು. ಅದಕ್ಕೊಂದು ನಿದರ್ಶನ ಬೇಕು. ವಿಜಯಪುರ ಸೀಮೆಯ ವಾಚಕರು ಆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಅಜ್ಜ ಅಜ್ಜಿಯರನ್ನು ಕೇಳಿದರೆ ಸಾಕು; ಅವರಲ್ಲಿ ಅನೇಕರು ನಾರುಹುಣ್ಣಿನ ಹೆಸರನ್ನು ಬಲ್ಲರು. ಇಂದಿನ ಬಾಲಕರು ಆ ಹೆಸರನ್ನೇ ಕೇಳಿರಲಿಕ್ಕಿಲ್ಲ. ಒಂದು ರೋಗದ ಹೆಸರು ಮಕ್ಕಳ ಬಾಯಿಂದ ಇಷ್ಟು ಪೂರ್ತಿಯಾಗಿ ಅಳಿದುಹೋಗುವದು ವೈದ್ಯಕದ ಇತಿಹಾಸದಲ್ಲಿ ತೀರ ಅಪೂರ್ವವಾದ ಸಂಗತಿ. ಅದು ಹೇಗೆ ಅಳಿಯಿತೆಂಬದು ಅದಕ್ಕಿಂತಲೂ ಸೋಜಿಗದ್ದು. ಏಕೆಂದರೆ ಅದನ್ನು ಗುಣಪಡಿಸುವ ಔಷಧವು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೊದಲು ನೀರಿನ ಮಾತು. ಈ ಸೀಮೆಯಲ್ಲಿ ವರ್ಷಕ್ಕೆ ಸುರಿಯುವ ಮಳೆಯು ಸರಾಸರಿ 600 ಮಿಲಿಮೀಟರಿನ ಒಳಗೇ ಇರುವದು, ಅದೂ ನಂಬಿಕೆಯದಲ್ಲ. ಡೋಣಿ ನದಿಯು ಎರೆಭೂಮಿಗೆ ಜೋಳವನ್ನು ಕೊಟ್ಟರೂ ಅದರ ನೀರಿಗೆ ಉಪ್ಪಿನ ರುಚಿಯುಂಟು. ಆದುದರಿಂದ ಇಲ್ಲಿಯ ಅರಸರೂ ಪ್ರಜೆಗಳೂ ನೀರಿಗಾಗಿ ಬಹಳ ಶ್ರಮಪಟ್ಟರು. ವಿಜಯಪುರದ ಚಾಂದಬಾವಡಿಯನ್ನು 1579ರಲ್ಲಿ ಒಂದನೆಯ ಅಲಿ ಆದಿಲಶಹನು ಕಟ್ಟಿಸಿದನು. ತಾಜಬಾವಡಿಯು 1620ರ ಸುಮಾರಿಗೆ ಎರಡನೆಯ ಇಬ್ರಾಹಿಮ ಆದಿಲಶಹನ ಕಾಲದಲ್ಲಿ ಆಯಿತು. 1651ರಲ್ಲಿ ಮಹಮ್ಮದ ಆದಿಲಶಹನು ಊರ ದಕ್ಷಿಣಕ್ಕೆ ಬೇಗಂ ತಲಾಬವನ್ನು ಕಟ್ಟಿಸಿ, ಅಲ್ಲಿಂದ ಮಣ್ಣಿನ ನಳಗಳ ಮೂಲಕ ಪಟ್ಟಣಕ್ಕೆ ನೀರು ತಂದನು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಹರಿದುಬರುತ್ತಿದ್ದಿತು. ಹಳ್ಳಿಗಳಲ್ಲಿ ಇಂಥ ವೈಭವವಿರಲಿಲ್ಲ. ಅಲ್ಲಿ ಬಾವಿಯೇ ಗತಿ, ಇಲ್ಲವೆ ಕೆರೆ. ಸೇದುವ ಬಾವಿಯಲ್ಲಿ ಹಗ್ಗಕೊಡಗಳು ಬೇಕು. ಪಾವಟಿಗೆಯ ಬಾವಿಯಲ್ಲಿ ಕಾಲುಗಳಿದ್ದರೆ ಸಾಕು. ಮುದುಕಿಯೂ ಬಾಲಕಿಯೂ ಇಳಿದುಹೋಗಿ ಕೊಡ ತುಂಬಿಕೊಂಡು ಬರಬಹುದು. ದಣಿದ ದಾರಿಕಾರನು ಕಾಲು ತೊಳೆದುಕೊಂಡು ಬೊಗಸೆಯಿಂದ ಕುಡಿಯಬಹುದು. ಪಾವಟಿಗೆಗಳನ್ನು ಕಟ್ಟಿಸಿದವನು ಪುಣ್ಯಕ್ಕಾಗಿಯೇ ಕಟ್ಟಿಸಿದನು, ಅದರಲ್ಲಿ ಸಂದೇಹವಿಲ್ಲ.

ಆ ಪಾವಟಿಗೆಗಳ ಮೇಲೆಯೇ ನಾರುಹುಣ್ಣು ನಡೆದುಬಂದಿತು.

ನಾರುಹುಣ್ಣಿನ ಹುಳವು ದಾರದಂತೆ ತೆಳುವಾಗಿ, ಹೆಣ್ಣಾದರೆ 60ರಿಂದ 100 ಸೆಂಟಿಮೀಟರುಗಳ ವರೆಗೆ ಉದ್ದವಾಗಿರುವದು. ಮನುಷ್ಯನ ಚರ್ಮದ ಕೆಳಗೆ ಅದು ಸದ್ದಿಲ್ಲದೆ ಬೆಳೆಯುವದು. ಸುಮಾರು ಒಂದು ವರ್ಷವಾದ ಮೇಲೆ, ಹೆಚ್ಚಾಗಿ ಕಾಲಿನಲ್ಲಿ, ಒಂದು ಬೊಬ್ಬೆಯೆದ್ದು ಕೆಂಡವಿಟ್ಟಂತೆ ಉರಿಯುವದು. ರೋಗಿಯು ಆ ಉರಿಯನ್ನು ತಾಳಲಾರದೆ ತಣ್ಣೀರನ್ನು ಅರಸುವನು. ಕಾಲನ್ನು ನೀರಲ್ಲಿಟ್ಟೊಡನೆ ಬೊಬ್ಬೆಯೊಡೆದು, ಹುಳವು ಲಕ್ಷಗಟ್ಟಲೆ ಮರಿಗಳನ್ನು ಆ ನೀರಿನಲ್ಲಿ ಬಿಡುವದು. ಉರಿಯು ತುಸು ಶಾಂತವಾಗುವದು. ಆ ಮರಿಗಳನ್ನು ನೀರೊಳಗಿನ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ, ಸಣ್ಣ ಜೀವಿಯು ನುಂಗುವದು. ಅದರ ಹೊಟ್ಟೆಯಲ್ಲಿ ಅವು ಎರಡು ವಾರ ಬೆಳೆಯುವವು. ಆ ಬಳಿಕ ಯಾರೋ ಒಬ್ಬನು ಆ ನೀರನ್ನು ಕುಡಿಯುವನು. ಹೊಟ್ಟೆಯ ಹುಳಿರಸದಲ್ಲಿ ಸೈಕ್ಲಾಪ್ಸ್ ಸಾಯುವದು. ಹುಳದ ಮರಿ ಮಾತ್ರ ಬದುಕಿ ಕರುಳನ್ನು ತೂರಿ ಒಳಗೆ ಸೇರುವದು. ಮತ್ತೊಂದು ವರ್ಷ ಸದ್ದಿಲ್ಲ. ಆಮೇಲೆ ಮತ್ತೊಂದು ಕಾಲು, ಮತ್ತೊಂದು ಉರಿ, ಮತ್ತೊಮ್ಮೆ ಅದೇ ಬಾವಿ.

ಹೊರಗೆ ಬಂದ ಹುಳವನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಅಂಗುಲದಂತೆ ವಾರಗಟ್ಟಲೆ ಎಳೆಯುವದೊಂದೇ ಉಪಾಯ. ಅವಸರಿಸಿ ಎಳೆದು ಹರಿದರೆ ಉಳಿದ ಭಾಗವು ಒಳಗೆ ಕೀವಾಗಿ ಕಾಲೇ ಬಾತುಕೊಳ್ಳುವದು. ಒಮ್ಮೆ ಬಂದವನಿಗೆ ಮತ್ತೆ ಬರುವದಿಲ್ಲವೆಂಬ ಭರವಸೆಯೂ ಇಲ್ಲ. ರೋಗವು ಪ್ರಾಣವನ್ನು ಕೊಳ್ಳುವದು ಅಪರೂಪ. ಆದರೆ ಬಿತ್ತಿಗೆಯ ಕಾಲಕ್ಕೋ ಸುಗ್ಗಿಯ ಕಾಲಕ್ಕೋ ಒಕ್ಕಲಿಗನನ್ನು ಹಾಸಿಗೆಗೆ ಹಾಕಿ, ಇಡೀ ಮನೆಯ ವರ್ಷದ ಅನ್ನವನ್ನು ಕಿತ್ತುಕೊಳ್ಳುವದು. ಕೂಲಿಯವನ ಮನೆಯಲ್ಲಿ ಕಾಲು ಹೋದರೆ ಒಲೆಯೂ ಹೋದಂತೆಯೇ.

ರೋಗವು ತೀರ ಹಳೆಯದು. ಈಜಿಪ್ತ ದೇಶದ ಪುರಾತನ ಶವವೊಂದರಲ್ಲಿ ಸುಣ್ಣಗಟ್ಟಿದ ಈ ಹುಳವು ದೊರೆತಿದೆ. ಆಯುರ್ವೇದದ ಭಾವಪ್ರಕಾಶದಲ್ಲಿ ಇದಕ್ಕೆ ಸ್ನಾಯುಕವೆಂಬ ಹೆಸರುಂಟು. ಕರ್ನಾಟಕದಲ್ಲಿ ವಿಜಯಪುರ, ಕಲಬುರಗಿ, ರಾಯಚೂರು, ಬಳ್ಳಾರಿ, ಚಿತ್ರದುರ್ಗ ಮೊದಲಾದ ಬರಸೀಮೆಗಳಲ್ಲಿ ಇದರ ಕಾಟವಿದ್ದಿತು. ಹುಳವನ್ನು ಸಾವಿರಾರು ವರ್ಷ ಕಣ್ಣಾರೆ ಕಂಡರೂ, ಅದು ಎಲ್ಲಿಂದ ಬರುವದೆಂಬದನ್ನು ಮನುಷ್ಯನು ಅರಿಯದೆ ಹೋದನು. ಕಾರಣವು ಸ್ಪಷ್ಟವಾಗಿಯೇ ಇದೆ. ಇಂದು ಕುಡಿದ ನೀರಿನ ಫಲವು ನಾಳೆ ತೋರಿದರೆ ಮಗುವೂ ಕಾರಣವನ್ನು ಊಹಿಸಬಲ್ಲದು. ಬರುವ ವರ್ಷ ತೋರಿದರೆ ಪಂಡಿತನೂ ಊಹಿಸಲಾರನು. ಕೆಲವರು ರಕ್ತದೋಷವೆಂದರು, ಕೆಲವರು ಕರ್ಮವೆಂದರು. 1870ರಲ್ಲಿ ಅಲೆಕ್ಸಿ ಫೆಡ್ಚೆಂಕೊ ಎಂಬ ರುಶಿಯದ ತರುಣ ವಿಜ್ಞಾನಿಯು ಮಧ್ಯ ಏಶಿಯದಲ್ಲಿ ಸೈಕ್ಲಾಪ್ಸಿನ ಹೊಟ್ಟೆಯೊಳಗೆ ಈ ಮರಿಗಳನ್ನು ಕಂಡುಹಿಡಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯಲ್ಲಿ ತುರ್ಖುಡರು ಮಾಡಿದ ಪರೀಕ್ಷೆಗಳಿಂದ, ಕುಡಿದ ನೀರಿನಿಂದಲೇ ಮನುಷ್ಯನಿಗೆ ಈ ರೋಗವು ಹತ್ತುವದೆಂಬದು ದೃಢವಾಯಿತು. 1930ರ ದಶಕದಲ್ಲಿ ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿಯವರು ಊರೂರಿನ ಬಾವಿಗಳನ್ನು ಪರೀಕ್ಷಿಸಿದರು. ಸ್ವೀಟ್ ಎಂಬ ವಿದ್ವಾಂಸರೊಡನೆ ಕೂಡಿ, ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಪಾವಟಿಗೆಯ ಬಾವಿಗಳಲ್ಲಿ ಬಿಟ್ಟು ನೋಡಿದರು. ನಾಯಿಗಳಿಗೂ ಈ ರೋಗವನ್ನು ಹತ್ತಿಸಬಹುದೆಂದು ಅವರೇ ಪ್ರಯೋಗದಿಂದ ತೋರಿಸಿದರು. ಈ ಮಾತಿನ ಮಹತ್ವವು ಮುಂದೆ ತಿಳಿದುಬರುವದು.

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಬರಬಹುದು. ಉರಿಯುವ ಕಾಲನ್ನು ಬಾವಿಯಲ್ಲಿಟ್ಟವನು ತಪ್ಪಿತಸ್ಥನೆ? ಅವನು ಅಪರಾಧಿಯಲ್ಲ, ಅಷ್ಟೇ ಅಲ್ಲ, ಇಡೀ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕನಿಕರಕ್ಕೆ ಪಾತ್ರನಾದವನು ಅವನೇ. ಪಾವಟಿಗೆ ಕಟ್ಟಿಸಿದವನು ತಪ್ಪಿತಸ್ಥನೆ? ಅವನ ಉದ್ದೇಶವು ಪುಣ್ಯದ್ದು. ನೀರು ತಂದು ಮಕ್ಕಳಿಗೆ ಕುಡಿಸಿದ ತಾಯಿ ತಪ್ಪಿತಸ್ಥಳೆ? ಆ ಮಾತನ್ನು ಆಡಲಿಕ್ಕೇ ನಾಲಗೆ ಏಳದು. ಮೂವರೂ ನಿರ್ದೋಷಿಗಳು, ಆದರೆ ಆ ಮೂವರ ನಿರ್ದೋಷವಾದ ಕೆಲಸಗಳು ಕೂಡಿಯೇ ಮುಂದಿನ ವರ್ಷ ಒಂದು ಮಗುವಿನ ಕಾಲು ಸುಟ್ಟಿತು. ಕೆಟ್ಟದ್ದು ಕೆಟ್ಟವರಿಂದಲೇ ಬರುವದೆಂಬ ನಂಬಿಕೆಯು ಎಷ್ಟು ಅಪಕ್ವವಾದದ್ದೆಂಬದನ್ನು ಈ ಹುಳವು ಸಾರಿ ಹೇಳುವದು.

ಆದರೆ ನಿರ್ದೋಷತ್ವದಲ್ಲಿಯೂ ಭೇದವುಂಟು. ಈ ದೇಶದ ಸಮಾಜವು ನೀರಿನ ಶುದ್ಧಿಯ ವಿಷಯದಲ್ಲಿ ಉದಾಸೀನವಾಗಿರಲಿಲ್ಲ. ಯಾರು ಯಾವ ಬಾವಿಯನ್ನು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬದಕ್ಕೆ ಊರೂರಿಗೂ ಕಾವಲಿದ್ದಿತು. ಒಬ್ಬನ ಕೊಡದ ನೆರಳು ಸೋಕಿದರೆ ನೀರು ಮೈಲಿಗೆಯಾಯಿತೆಂದು ಜಗಳಗಳಾದವು. ಊರಿನ ಬಾವಿಯಿಂದ ದೂರವಿರಿಸಲ್ಪಟ್ಟವರು ಹಳ್ಳಕೊಳ್ಳಗಳ ಕೆಸರುನೀರನ್ನೇ ಕುಡಿಯಬೇಕಾಯಿತು. 1927ರ ಮಾರ್ಚ 20ರಂದು ಮಹಾಡದ ಚವದಾರ ಕೆರೆಯಲ್ಲಿ ಡಾಕ್ಟರ ಅಂಬೇಡಕರರು ಸಾವಿರಾರು ಜನರೊಡನೆ ಬೊಗಸೆ ನೀರು ಕುಡಿದದ್ದು ಇತಿಹಾಸದ ಘಟನೆಯಾಗಬೇಕಾದರೆ, ಅದಕ್ಕೆ ಮುಂಚಿನ ಕಾವಲು ಎಷ್ಟು ಬಿಗಿಯಾಗಿದ್ದಿರಬೇಕು! ಇರದ ಮೈಲಿಗೆಯನ್ನು ತಡೆಯಲಿಕ್ಕೆ ಸಮಾಜವು ಹಗಲಿರುಳು ಎಚ್ಚರವಾಗಿದ್ದಿತು. ಇದ್ದ ಮೈಲಿಗೆಯು ಎಲ್ಲ ಜಾತಿಯವರ ಕಾಲುಗಳಿಂದಲೂ ಸಮನಾಗಿ ನೀರಿಗಿಳಿಯುತ್ತಿದ್ದಿತು. ಹುಳವು ಯಾರ ಕುಲವನ್ನೂ ಕೇಳಲಿಲ್ಲ. ಹುಳವನ್ನು ಅರಿಯದೆ ಇದ್ದದ್ದು ಸಮಾಜದ ಅಪರಾಧವಲ್ಲ. ಅರಿಯದಿದ್ದಾಗಲೂ ಅರಿತವರಂತೆ ನಿರ್ಣಯ ಮಾಡಿ, ಆ ನಿರ್ಣಯದ ಭಾರವನ್ನು ಕೆಲವರ ಬೆನ್ನ ಮೇಲೆ ಹೇರಿದ್ದು ಮಾತ್ರ ಅಪರಾಧವೇ. ಅರಿವಿಲ್ಲದವನಿಗೆ ಕ್ಷಮೆಯುಂಟು, ಅರಿವಿಲ್ಲದ ಅಹಂಕಾರಕ್ಕೆ ಅದು ಸಲ್ಲದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಡತೆಯನ್ನು ನೋಡಬಹುದು. ನೀರನ್ನು ಬಟ್ಟೆಯಿಂದ ಸೋಸಿಯೇ ಕುಡಿಯಬೇಕೆಂಬದು ಜೈನರ ಹಳೆಯ ನಿಯಮ. ಇದಕ್ಕೆ ಜಲಗಾಲನವೆನ್ನುವರು. ಅದರ ಉದ್ದೇಶವು ಕುಡಿಯುವವನ ಆರೋಗ್ಯವಲ್ಲ. ನೀರೊಳಗಿನ ಸೂಕ್ಷ್ಮಜೀವಿಗಳ ಪ್ರಾಣರಕ್ಷಣೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ತಿರುಗಿ ಅದೇ ನೀರಿಗೆ ಬಿಡುವದು ಪದ್ಧತಿ. ಸೈಕ್ಲಾಪ್ಸ್ ಒಂದು ದಟ್ಟವಾದ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದು. ಆದುದರಿಂದ ಹೀಗೆ ಸೋಸಿದ ನೀರಿನಿಂದ ನಾರುಹುಣ್ಣು ಬರಲಾರದು. ಫೆಡ್ಚೆಂಕೊ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಈ ನಿಯಮವು ನಡೆಯುತ್ತಿದ್ದಿತು. ಮನುಷ್ಯನಿಂದ ಜೀವಿಯನ್ನು ಕಾಯಲಿಕ್ಕೆ ಹಿಡಿದ ಬಟ್ಟೆಯು ಆ ಜೀವಿಯಿಂದ ಮನುಷ್ಯನನ್ನೂ ಕಾಯಿತು. ಇದನ್ನು ದಯೆಗೆ ದೊರೆತ ಪ್ರತಿಫಲವೆಂದು ಹೊಗಳುವವರುಂಟು. ಹಾಗೆ ಹೇಳುವದು ದಯೆಯನ್ನು ವ್ಯಾಪಾರ ಮಾಡಿದಂತೆ. ಇದರಿಂದ ತಿಳಿಯತಕ್ಕ ಮಾತು ಬೇರೆ: ತನ್ನ ಕೈಗೂ ತುಟಿಗೂ ಆಚೆ, ಕಣ್ಣಿಗೆ ಕಾಣದ ಇನ್ನೊಂದು ಜೀವವಿರಬಹುದೆಂಬ ಶಂಕೆಯಿಂದ ನಡೆಯುವವನು, ಎಲ್ಲವೂ ತನಗೆ ಗೊತ್ತಿದೆಯೆಂದು ನಡೆಯುವವನಿಗಿಂತ ಕಡಿಮೆ ಕೇಡು ಮಾಡುವನು. ಒಬ್ಬನು ಅರಿಯದೆಯೇ ಕಾವಲುಗಾರನಾದನು, ಇನ್ನೊಬ್ಬನು ಅರಿಯದೆಯೇ ಹಿಂಸಕನಾದನು. ಇಬ್ಬರಲ್ಲಿಯೂ ಅರಿವಿಲ್ಲ, ಭೇದವಿದ್ದದ್ದು ವಿನಯದಲ್ಲಿ.

ಇನ್ನು ಅರಿವು ಬಂದ ಮೇಲಿನ ಮಾತು. ಬಾವಿಯಲ್ಲಿ ಕಾಲಿಟ್ಟರೆ ಮತ್ತೊಬ್ಬನಿಗೆ ರೋಗವು ಹತ್ತುವದೆಂದು ಗೊತ್ತಾದ ದಿನವೇ ಹಳೆಯ ನಿರ್ದೋಷತ್ವವು ಮುಗಿಯಿತು. ನಿನ್ನೆಯ ಅದೇ ಕೆಲಸವು ಇಂದು ತಪ್ಪಾಯಿತು. ವಿಜ್ಞಾನವು ಮನುಷ್ಯನಿಗೆ ಸುಖವನ್ನು ಮಾತ್ರ ತರುವದೆಂದು ತಿಳಿದವರು ಇದನ್ನು ಗಮನಿಸಬೇಕು. ಅದು ಪ್ರತಿಯೊಂದು ಹೊಸ ತಿಳಿವಿನೊಡನೆ ಒಂದು ಹೊಸ ಹೊಣೆಯನ್ನೂ ತಂದು ಮನೆಯ ಹೊಸ್ತಿಲಲ್ಲಿ ಇಡುವದು.

ಆದರೆ ಆ ಹೊಣೆಯನ್ನು ಯಾರು ಹೊರಬೇಕು? ಇಲ್ಲಿಯೇ ನಿಜವಾದ ಕಠಿಣತೆಯಿರುವದು. ಮೇಲುಮೇಲಿನಿಂದ ನೋಡಿದರೆ ರೋಗಿಯೇ ಹೊರಬೇಕೆಂದು ತೋರುವದು. ಅವನು ನೀರಿಗಿಳಿಯದಿದ್ದರೆ ರೋಗವು ನಿಂತಿತು. ಹಾಗಾದರೆ ಎಲ್ಲರಿಗಿಂತ ಹೆಚ್ಚು ನೋಯುವವನಿಗೇ ಇನ್ನಷ್ಟು ನೋವನ್ನು ಸಹಿಸೆಂದು ಹೇಳಿದಂತಾಯಿತು. ಅದೂ ತನಗಾಗಿ ಅಲ್ಲ, ಬರುವ ವರ್ಷ ಆ ನೀರು ಕುಡಿಯಬಹುದಾದ, ತಾನು ಕಾಣದ ಮತ್ತೊಬ್ಬನಿಗಾಗಿ. ಅವನ ಗಾಯವು ಹೇಗೂ ಆಗಿಹೋಗಿದೆ. ಕಾಲನ್ನು ಬಾವಿಯಿಂದ ದೂರವಿಟ್ಟದ್ದರಿಂದ ಅವನಿಗೆ ಯಾವ ಲಾಭವೂ ಇಲ್ಲ. ಈ ಬೇಡಿಕೆಯು ನ್ಯಾಯವೆ?

ನ್ಯಾಯವೇ, ಆದರೆ ಒಂದು ಕರಾರಿನ ಮೇಲೆ. ಬಾವಿಗಿಳಿಯಬೇಡವೆಂದು ಹೇಳುವವನು ಒಂದು ಕೊಡ ನೀರನ್ನು ತಂದು ರೋಗಿಯ ಮಂಚದ ಬಳಿ ಇಡಬೇಕು. ಅವನ ಉರಿಗೆ ತಂಪು ಬೇಕು; ಬಾವಿಯ ನೀರಿನಷ್ಟೇ ತಂಪು ಆ ಕೊಡದಲ್ಲಿಯೂ ಉಂಟು. ಕಾಲನ್ನು ತೊಯಿಸಿದ ನೀರನ್ನು ಕೆರೆಬಾವಿಗಳಿಂದ ದೂರ ಒಣನೆಲಕ್ಕೆ ಚೆಲ್ಲಿದರೆ ಮರಿಗಳು ಅಲ್ಲಿಯೇ ನಾಶವಾಗುವವು. ಹುಣ್ಣಿಗೆ ಪಟ್ಟಿ ಕಟ್ಟುವವರು ಬೇಕು. ಅವನ ಮನೆಗೆ ನೀರು ಹೊರುವವರು ಬೇಕು. ಅವನ ಹೊಲವು ಪಾಳುಬೀಳದಂತೆ ನೋಡುವವರು ಬೇಕು. ಇಷ್ಟನ್ನು ಮಾಡಿದ ಊರಿಗೆ ಮಾತ್ರ ಅವನ ಕಾಲನ್ನು ತಡೆಯುವ ಅಧಿಕಾರವುಂಟು. ಇದನ್ನು ಮಾಡದೆ ಬರಿಯ ನಿಷೇಧದ ಹಲಗೆಯನ್ನು ಬಾವಿಯ ಮೇಲೆ ತೂಗಹಾಕಿದವನು ತನ್ನ ಹೊಣೆಯನ್ನು ರೋಗಿಯ ಹೆಗಲಿಗೆ ದಾಟಿಸಿ ಕೈತೊಳೆದುಕೊಂಡನೆಂದೇ ಹೇಳಬೇಕು. ತಿಳಿದವನ ಹೊಣೆಯು ನೋಯುವವನ ಹೊಣೆಗಿಂತ ಮೊದಲಿನದು.

ಭಾರತ ದೇಶದಲ್ಲಿ ನಾರುಹುಣ್ಣು ಅಳಿದದ್ದು ಬಹುಮಟ್ಟಿಗೆ ಈ ಕ್ರಮದಿಂದಲೇ. 1983-84ರಲ್ಲಿ ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. 1984ರಲ್ಲಿ ದೇಶದ 89 ಜಿಲ್ಲೆಗಳ 12,840 ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಆ ಲೆಕ್ಕವು ಮನೆಮನೆಗೆ ಹೋಗಿ ಕೇಳಿ ಮಾಡಿದ್ದು. ಪಾವಟಿಗೆಯ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೈಪಂಪುಗಳನ್ನೂ ನಳಗಳನ್ನೂ ಹಾಕಿದರು. ಸೋಸುವ ಬಟ್ಟೆಗಳನ್ನು ಹಂಚಿದರು. ಸೈಕ್ಲಾಪ್ಸನ್ನು ಕೊಲ್ಲುವ ಟೆಮೆಫಾಸ್ ಎಂಬ ದ್ರವ್ಯವನ್ನು ನೀರಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರು. ರೋಗಿಗಳ ಹುಣ್ಣಿಗೆ ಪಟ್ಟಿ ಕಟ್ಟಿದರು. ದೇಶದ ಕಡೆಯ ರೋಗಿಯು 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವೆಂದು ಸಾರಿತು. ಜಗತ್ತಿನಲ್ಲಿ 1986ರಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗವು 2024ರಲ್ಲಿ ಕೇವಲ 15 ಜನರಲ್ಲಿ ಕಂಡಿತು. ಸಿಡುಬಿಗೆ ಲಸಿಕೆಯಿದ್ದಿತು. ಇದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಜನರ ನಡತೆಯೇ ಇದರ ಔಷಧವಾಯಿತು.

ಇಲ್ಲಿ ಎರಡು ಆಕ್ಷೇಪಣೆಗಳನ್ನು ವಿಚಾರಿಸುವದು ಉಚಿತ. ಮೊದಲನೆಯದು ಪೂರ್ವಿಕರ ಗೌರವದ ಪ್ರಶ್ನೆ. ಪುಣ್ಯವಂತರು ಕಟ್ಟಿಸಿದ ಪಾವಟಿಗೆಗಳನ್ನು ಮುಚ್ಚುವದು, ಎಲ್ಲರೂ ಇಳಿದು ನೀರು ಕುಡಿಯುವ ಹಕ್ಕನ್ನು ಕಸಿಯುವದು ಅವರಿಗೆ ಬಗೆದ ದ್ರೋಹವಲ್ಲವೆ? ಪೂರ್ವಿಕರನ್ನು ಗೌರವಿಸುವದೆಂದರೆ ಅವರ ಕಲ್ಲುಗಳನ್ನು ಗೌರವಿಸುವದೊಂದೇ ಅಲ್ಲ, ಅವರ ಉದ್ದೇಶವನ್ನು ಗೌರವಿಸುವದು. ಬಾಯಾರಿದವನಿಗೆ ನೀರು ದೊರೆಯಲೆಂಬದು ಕಟ್ಟಿಸಿದವನ ಇಚ್ಛೆ. ಬಾಯಾರಿದವನಿಗೆ ಹುಳವು ದೊರೆಯಲೆಂಬದಲ್ಲ. ಅವನಿಗೆ ಇಂದಿನ ತಿಳಿವಿದ್ದಿದ್ದರೆ ಅವನೇ ಮುಂದೆ ನಿಂತು ಪಾವಟಿಗೆಗೆ ಗೋಡೆಯನ್ನಿಟ್ಟು ಗಾಲಿಯನ್ನು ಹೂಡಿಸುತ್ತಿದ್ದನು.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಒಂದು ಜೀವಜಾತಿಯನ್ನೇ ಭೂಮಿಯ ಮೇಲಿಂದ ಅಳಿಸುವ ಅಧಿಕಾರವು ಮನುಷ್ಯನಿಗೆ ಎಲ್ಲಿಂದ ಬಂದಿತು? ಹುಳವೂ ತನ್ನ ಬಾಳನ್ನು ಬಾಳುವದಷ್ಟೇ, ಅದಕ್ಕೆ ದ್ವೇಷವಿಲ್ಲ. ಈ ಮಾತನ್ನು ನಕ್ಕು ತಳ್ಳಿಬಿಡುವದು ಸರಿಯಲ್ಲ. ಆದರೆ ಅಳಿವಿನ ರೀತಿಯನ್ನು ನೋಡಬೇಕು. ಹುಳದ ವಂಶವು ನಿಲ್ಲಲಿಕ್ಕೆ ಬೇಟೆ ಬೇಕಾಗಿಲ್ಲ; ಮನುಷ್ಯನು ತನ್ನ ಶರೀರವನ್ನು ಅದಕ್ಕೆ ಮನೆಯಾಗಿ ಕೊಡಲು ಒಪ್ಪದಿದ್ದರೆ ಸಾಕು. ಸೈಕ್ಲಾಪ್ಸಿಗೆ ವಿಷ ಹಾಕುವಲ್ಲಿ ಹಿಂಸೆಯಿದೆ, ಒಪ್ಪಬೇಕು; ಬಟ್ಟೆಯಿಂದ ಸೋಸುವಲ್ಲಿ ಅದೂ ಇಲ್ಲ. ಯಾರಿಗೂ ಮತ್ತೊಬ್ಬರ ನೋವಿನ ಮೇಲೆ ಬಾಳುವ ಹಕ್ಕಿಲ್ಲವೆಂದು ಮನುಷ್ಯನು ತನ್ನ ವಿಷಯದಲ್ಲಿ ಒಪ್ಪಿಕೊಳ್ಳುವದಾದರೆ, ಹುಳಕ್ಕೆ ಆ ಹಕ್ಕನ್ನು ಕೊಡದಿರುವದರಲ್ಲಿ ಅಧರ್ಮವಿಲ್ಲ. ಹುಳವಾದರೂ ಸುಲಭವಾಗಿ ಸೋಲುವಂತಿಲ್ಲ. ಆಫ್ರಿಕದ ಚಾಡ ದೇಶದಲ್ಲಿ 2012ರಿಂದ ಈಚೆಗೆ ಅದು ನಾಯಿಗಳಲ್ಲಿ ನೂರಾರು ಸಂಖ್ಯೆಯಲ್ಲಿ ಕಂಡುಬರುತ್ತಿದೆ. ಚಿತ್ರದುರ್ಗದ ನಾಡಿನಲ್ಲಿ ಮೂರ್ತಿಯವರು ಪ್ರಯೋಗದಿಂದ ತೋರಿಸಿದ್ದನ್ನು ಪ್ರಕೃತಿಯು ಎಂಬತ್ತು ವರ್ಷಗಳ ತರುವಾಯ ಬೇರೊಂದು ಖಂಡದಲ್ಲಿ ತಾನೇ ಮಾಡಿ ತೋರಿಸಿತು.

ಈ ಎಲ್ಲ ಮಾತುಗಳಿಂದ ವಿಜಯಪುರದ ಸೀಮೆಗೆ ಈಗ ಏನು ಪ್ರಯೋಜನ? ನಾರುಹುಣ್ಣು ಹೋಯಿತು. ಆದರೆ ಅದು ಕಲಿಸಿದ ಪ್ರಶ್ನೆಯು ಹೋಗಿಲ್ಲ. ಬಾವಿಯಿಂದೆದ್ದು ಬೇರೆ ಕಡೆಗೆ ಹೋಗಿ ನಿಂತಿದೆ.

ಪಾವಟಿಗೆಯ ಬಾವಿಗಳನ್ನು ಬಿಟ್ಟು ಜನರು ಕೊಳವೆಬಾವಿಗಳಿಗೆ ತಿರುಗಿದರು. ಆಳದ ನೀರಿನಲ್ಲಿ ಹುಳವಿಲ್ಲ. ಆದರೆ ಕಲ್ಲಿನೊಳಗಿನ ಫ್ಲೋರೈಡ್ ಇರಬಹುದು. ಜಿಲ್ಲೆಯ ಕೆಲವೆಡೆಗಳ ಅಂತರ್ಜಲದಲ್ಲಿ ಅದು ಮಿತಿಮೀರಿರುವದು ಪರೀಕ್ಷೆಗಳಿಂದ ಕಂಡುಬಂದ ಸಂಗತಿ. ಒಂದು ಲೀಟರ ನೀರಿನಲ್ಲಿ 1.5 ಮಿಲಿಗ್ರಾಮಿಗಿಂತ ಹೆಚ್ಚಿನ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳು ಕಂದುಬಣ್ಣಕ್ಕೆ ತಿರುಗುವವು. ಪ್ರಮಾಣವು ಇನ್ನೂ ಹೆಚ್ಚಿದರೆ ಕಾಲಾಂತರದಲ್ಲಿ ಎಲುಬುಗಳು ಬಿಗಿಯುವವು. ಇದನ್ನು ಬಟ್ಟೆಯಿಂದ ಸೋಸಿದರೆ ಹೋಗದು. ಕುದಿಸಿದರೆ ಕಡಿಮೆಯಾಗುವದರ ಬದಲು ನೀರು ಇಂಗಿ ಪ್ರಮಾಣವು ಏರುವದು. ಪುಣ್ಯಕ್ಕೆಂದು ಕಟ್ಟಿಸಿದ ಪಾವಟಿಗೆಯು ಹೇಗೋ, ಆರೋಗ್ಯಕ್ಕೆಂದು ತೋಡಿಸಿದ ಕೊಳವೆಬಾವಿಯೂ ಹಾಗೆಯೇ. ಒಳ್ಳೆಯ ಉದ್ದೇಶವು ಪರೀಕ್ಷೆಯಿಂದ ಬಿಡುಗಡೆ ಕೊಡದು.

ಈಗ ಪ್ರತ್ಯೇಕ ತಾಲೂಕುಗಳಾಗಿರುವ ತಿಕೋಟಾ ಬಬಲೇಶ್ವರಗಳ ಕಡೆಗೆ ನೋಡಿರಿ. ತಿಕೋಟಾದ ಸುತ್ತಣ ಹೊಲಗಳಲ್ಲಿ ದ್ರಾಕ್ಷಿಯ ತೋಟಗಳೆದ್ದಿವೆ. ಅಲ್ಲಿಯ ಒಣದ್ರಾಕ್ಷಿಯು ದೂರದೂರಿನ ಪೇಟೆಗಳಿಗೆ ಹೋಗುವದು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಬರನಾಡಿನ ಕೆರೆಗಳಿಗೆ ಹತ್ತಿ ಬಂದಿದೆ. ಇದು ಸಂತೋಷದ ಮಾತು. ತಲೆತಲಾಂತರದ ಬಾಯಾರಿಕೆಯು ಇಳಿದಂತಾಯಿತು. ಆದರೆ ದ್ರಾಕ್ಷಿಯ ಬಳ್ಳಿಗೆ ಮೇಲಿಂದ ಮೇಲೆ ಔಷಧ ಸಿಂಪಡಿಸಬೇಕಾಗುವದು. ಸಿಂಪಡಿಸಿದ ಪಂಪನ್ನು ಹಳ್ಳದಲ್ಲಿ ತೊಳೆದರೆ, ಖಾಲಿ ಡಬ್ಬಿಯನ್ನು ಕೆರೆಯ ದಂಡೆಗೆ ಎಸೆದರೆ, ಅದರ ಫಲವನ್ನು ಉಣ್ಣುವವನು ಯಾರು, ಎಂದು, ಎಲ್ಲಿ ಎಂಬದು ತೊಳೆದವನಿಗೆ ಗೊತ್ತಾಗದು. ಅವನೂ ದುಷ್ಟನಲ್ಲ, ಸಾಲಮಾಡಿ ತೋಟ ಮಾಡಿದ ಬಡ ಒಕ್ಕಲಿಗನಿರಬಹುದು. ಹಳೆಯ ರೋಗಿಯ ಉರಿಯುವ ಕಾಲಿಗೂ ಇವನ ಪಂಪಿಗೂ ನೀತಿಯ ದೃಷ್ಟಿಯಿಂದ ಬಹಳ ಅಂತರವಿಲ್ಲ. ಇವನಿಗೂ ಬರಿಯ ನಿಷೇಧದಿಂದ ಪ್ರಯೋಜನವಾಗದು. ತೊಳೆಯಲಿಕ್ಕೆ ಬೇರೊಂದು ಸ್ಥಳ, ಡಬ್ಬಿಯನ್ನು ಹಿಂದಕ್ಕೆ ಕೊಳ್ಳುವ ವ್ಯವಸ್ಥೆ, ತಿಳಿಸಿ ಹೇಳುವ ಒಂದು ಮಾತು ಬೇಕು. ಅಂದರೆ ಇವನಿಗೂ ಒಂದು ಕೊಡ ನೀರನ್ನು ತಂದುಕೊಡುವವರು ಬೇಕು.

ಪಟ್ಟಣದವರು ಇದನ್ನು ಹಳ್ಳಿಗರ ಮಾತೆಂದು ತಿಳಿಯಲಾಗದು. ತಾಜಬಾವಡಿಯು ಬಹುಕಾಲ ಬಟ್ಟೆಯ ಸಾಬೂನಿಗೂ ಕಸಕಡ್ಡಿಗೂ ಗಣೇಶನ ವಿಸರ್ಜನೆಗೂ ಒಡ್ಡಿಕೊಂಡು ಮಲಿನವಾಗಿ ನಿಂತಿದ್ದಿತು; ಈಚಿನ ವರ್ಷಗಳಲ್ಲಿ ಅದರ ಹೂಳೆತ್ತಿ ಶುದ್ಧಮಾಡುವ ಕಾರ್ಯವು ನಡೆದದ್ದು ಅಭಿನಂದನೀಯ. ಅದನ್ನು ಮಲಿನಮಾಡಿದವರಲ್ಲಿ ಯಾರೂ ವೈರಿಗಳಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಒಂದು ಹಿಡಿಯನ್ನಷ್ಟೇ ಹಾಕಿದನು. ಭಕ್ತಿಯಿಂದ ಹಾಕಿದವರೂ ಉಂಟು.

ಆದುದರಿಂದ ಅರಿಯದೆ ಮಾಡಿದ ಕೇಡಿಗೆ ಹೊಣೆ ಯಾರೆಂಬ ಪ್ರಶ್ನೆಗೆ ಇಷ್ಟು ಉತ್ತರವನ್ನು ಹೇಳಬಹುದು. ಅರಿಯುವ ಮೊದಲು ಯಾರೂ ಅಪರಾಧಿಗಳಲ್ಲ. ಅರಿಯಲಿಕ್ಕೆ ಮನಸ್ಸಿಲ್ಲದವರು ಮಾತ್ರ ಸಂಪೂರ್ಣ ನಿರಪರಾಧಿಗಳೆನಿಸಲಾರರು. ಅರಿತ ಮೇಲೆ ಎಲ್ಲರೂ ಹೊಣೆಗಾರರು. ಮೊದಲು ಅರಿತವನು ಮೊದಲು ಹೊಣೆಗಾರನು. ಅವನು ತನ್ನ ಅರಿವನ್ನು ಬೈಗಳಾಗಿ ಅಲ್ಲ, ಸೇವೆಯಾಗಿ ಒಯ್ದು ಮುಟ್ಟಿಸಬೇಕು. ನಾರುಹುಣ್ಣಿನ ಅಳಿವಿನಲ್ಲಿ ಹೆಸರಾದವರು ಕೆಲವರೇ. ಮಂಚದ ಮೇಲೆ ಹಲ್ಲುಕಚ್ಚಿ ಕೂತು, ಬಾವಿಯ ತಂಪನ್ನು ಕಂಡರೂ ಇಳಿಯದೆ ಇದ್ದ ಸಾವಿರಾರು ಜನರ ಹೆಸರುಗಳು ಎಲ್ಲಿಯೂ ಬರೆದಿಲ್ಲ. ಅವರು ಯಾರನ್ನು ಉಳಿಸಿದರೆಂಬದು ಅವರಿಗೆ ತಿಳಿಯಲಿಲ್ಲ. ಉಳಿದವರಿಗೂ ತಾವು ಉಳಿದೆವೆಂಬದು ತಿಳಿಯಲಿಲ್ಲ. ಹಿಂದೆ ಕೇಡು ನಡೆದ ದಾರಿಯಲ್ಲಿಯೇ ಈ ಒಳ್ಳೇದೂ ನಡೆಯಿತು. ಇಂದು ಈ ಸೀಮೆಯ ಮಕ್ಕಳು ಊನವಿಲ್ಲದ ಕಾಲುಗಳಿಂದ ಶಾಲೆಗೆ ಓಡುವಾಗ ಯಾರಿಗೂ ಕೃತಜ್ಞತೆಯನ್ನು ಹೇಳುವದಿಲ್ಲ. ಹೇಳಬೇಕಾದ ಕಾರಣವೂ ಅವರಿಗೆ ಗೊತ್ತಿಲ್ಲ. ಆ ಋಣವನ್ನು ಹಿಂದಕ್ಕೆ ತೀರಿಸುವ ದಾರಿಯಿಲ್ಲ. ಮುಂದೆ ನೀರು ಕುಡಿಯುವವರಿಗೆ ತೀರಿಸಬಹುದು.